ಕೊಡಗಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಡಗಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಮೊದಲು ಪ್ರೈಮರಿ, ಈಗ ಹೈಸ್ಕೂಲು. ಪೋಷಕರ ಸಭೆಯಲ್ಲಿ, ಕ್ಲಸ್ಟರ್ ಮೀಟಿಂಗಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತಾಗಲೂ ಜನ ಕೇಳುವುದು ಇವೇ ಪ್ರಶ್ನೆಗಳನ್ನು. ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರು, ಟೀಚರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪೋಷಕರಿಗೆ ಬೇಕಾದದ್ದು ಕೊನೆಯ ಕಡೆ ಇದೆ.

ಮೊದಲು ಗ್ರಾಮರ್ ಕಲಿಸಬೇಕಾ, ಮಾತು ಕಲಿಸಬೇಕಾ?

ಮಾತು. ಹಾಗಂತ ಗ್ರಾಮರ್ ಬೇಡ ಅನ್ನುತ್ತಿಲ್ಲ. ಮಗುವಿಗೆ ಮೊದಲು ಏನೋ ಹೇಳಬೇಕು ಅನ್ನಿಸಬೇಕು. ಹೇಳಲು ಹೋಗಿ ತಡವರಿಸಬೇಕು. ಆ ಹೊತ್ತಿಗೆ ಕೊಟ್ಟ ನಿಯಮ ತಲೆಯಲ್ಲಿ ಕೂರುತ್ತದೆ. ಮುಂಚೆಯೇ ಕೊಟ್ಟರೆ ನೋಟ್ಸಿನಲ್ಲಿ ಉಳಿಯುತ್ತದೆ, ಅಷ್ಟೇ.

ನಾನೂ ಮೊದಲ ಎರಡು ವರ್ಷ ಜೂನ್ ತಿಂಗಳಿಡೀ ಪಾರ್ಟ್ಸ್ ಆಫ್ ಸ್ಪೀಚ್ ಬರೆಸಿದವನೇ. ಎಂಟನ್ನೂ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. "ನಿನ್ನ ಕೊಡೆ ಎಲ್ಲಿ?" ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ.

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್. ಮಕ್ಕಳಿಗೆ ಗೊಂದಲ ಆಗಲ್ವಾ?

ನಮ್ಮ ಮಕ್ಕಳಿಗೆ ಇದು ಹೊಸದೇ ಅಲ್ಲ. ಒಂದೇ ಬೆಂಚಿನಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವ ಹುಡುಗ, ಅರೆಭಾಷೆಯ ಹುಡುಗಿ, ಮಲಯಾಳದವನು, ತುಳುವಿನವಳು ಕೂತಿರುತ್ತಾರೆ. ವಿರಾಜಪೇಟೆ, ಪೊನ್ನಂಪೇಟೆ ಕಡೆ ಹೋದರೆ ಯರವ, ಜೇನುಕುರುಬ ಮಕ್ಕಳೂ ಇರುತ್ತಾರೆ. ತೋಟದ ಲೈನ್‌ಮನೆಗಳಿಗೆ (ಕೆಲಸಗಾರರ ಸಾಲುಮನೆಗಳಿಗೆ) ಈಗ ಅಸ್ಸಾಂ ಕಡೆಯ ಕುಟುಂಬಗಳೂ ಬಂದಿವೆ. ಆಟದ ಬಯಲಿನಲ್ಲಿ ಇವರೆಲ್ಲ ಒಬ್ಬರ ಭಾಷೆಗೆ ಇನ್ನೊಬ್ಬರು ಹೊರಳುವುದನ್ನು ಹತ್ತು ನಿಮಿಷ ನಿಂತು ನೋಡಿ. ಎಲ್ಲಿ ಯಾವ ಮಾತು ನಡೆಯುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ತೊಂದರೆ ಇರುವುದು ಬೇರೆ ಕಡೆ. ಒಂದನೇ ಕ್ಲಾಸಿಗೆ ಬರುವ ಯರವ ಮಗುವಿಗೆ ಕನ್ನಡವೇ ಹೊಸ ಭಾಷೆ. ನಾವು ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳಿ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆ ಮಗುವಿಗೆ ಎರಡೂ ಗೊತ್ತಿರುವುದಿಲ್ಲ. ಅಂಥ ಕಡೆ ವಸ್ತು ತೋರಿಸಿ, ಮಾಡಿ ತೋರಿಸಿ. "ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ?" ಅಂತ ಕೇಳಿ. ಇಡೀ ಕ್ಲಾಸು ಆ ಪದ ಹೇಳಿದರೆ ಆ ಮಗು ಮರುದಿನ ತಾನಾಗಿಯೇ ಮುಂದೆ ಬಂದು ಕೂರುತ್ತದೆ.

ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಬಳಸಬಹುದಾ?

ಬಳಸಿ. ಕನ್ನಡದಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುವುದಕ್ಕೆ ಹತ್ತು ನಿಮಿಷ ಅಭಿನಯ ಯಾಕೆ? ಆದರೆ ಪಾಠವನ್ನು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸುವ ಅಭ್ಯಾಸ ಬಿಡಿ. ಕನ್ನಡ ಸಾಲು ಬರುತ್ತದೆ ಅಂತ ಗೊತ್ತಾದರೆ ಇಂಗ್ಲಿಷ್ ಸಾಲನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. "ಪುಸ್ತಕ ತೆಗೀರಿ", "ಕಿಟಕಿ ಹಾಕು", "ಯಾರು ಬಂದಿಲ್ಲ?" ಇಂಥ ದಿನದ ಮಾತು ಮಾತ್ರ ಇಂಗ್ಲಿಷಿನಲ್ಲೇ ಇರಲಿ.

ನಮ್ಮ ಮಕ್ಕಳು ಜಾಸ್ತಿ ಮಾಡುವ ತಪ್ಪುಗಳು ಯಾವುವು? ಯಾಕೆ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಮಕ್ಕಳ ತಪ್ಪಿನ ಹಿಂದೆ ಹೆಚ್ಚಿನ ಸಲ ಒಂದು ಸರಿಯಾದ ಕನ್ನಡ ವಾಕ್ಯ ಇರುತ್ತದೆ. ಅದನ್ನು ಹುಡುಕಿದರೆ ಅರ್ಧ ಪಾಠ ಮುಗಿದ ಹಾಗೆ.

"ಐ ಹ್ಯಾಡ್ ಗಾನ್ ಟು ಮಡಿಕೇರಿ ಎಸ್ಟರ್‌ಡೇ." ಇದನ್ನು ನಾನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಮಗು ಮನಸ್ಸಿನಲ್ಲಿ ಅಂದುಕೊಂಡದ್ದು "ನಿನ್ನೆ ಮಡಿಕೇರಿಗೆ ಹೋಗಿದ್ದೆ". ಕನ್ನಡದಲ್ಲಿ ಅದು ಸರಿ. ಹೋಗಿ ವಾಪಸ್ ಬಂದಾಯಿತು ಅನ್ನುವುದನ್ನು ನಾವು ಹಾಗೇ ಹೇಳುತ್ತೇವೆ. ಇಂಗ್ಲಿಷಿಗೆ ಅಲ್ಲಿ "ಐ ವೆಂಟ್" ಸಾಕು. "ಹ್ಯಾಡ್ ಗಾನ್" ಬೇಕಾಗುವುದು ಹಿಂದಿನ ಎರಡು ಘಟನೆಗಳಲ್ಲಿ ಯಾವುದು ಮೊದಲು ಅಂತ ತೋರಿಸಬೇಕಾದಾಗ: ನಾನು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಇದನ್ನು ಹೇಳಲು ಬಸ್ಸಿಗಿಂತ ಒಳ್ಳೆಯ ಉದಾಹರಣೆ ಕೊಡಗಿನಲ್ಲಿ ಸಿಗಲಿಕ್ಕಿಲ್ಲ.

"ದಿಸ್ ಮೈ ಗ್ರ್ಯಾಂಡ್‌ಫಾದರ್." "ಇವರು ನಮ್ಮ ಅಜ್ಜ" ಅನ್ನುವಾಗ ಕನ್ನಡದಲ್ಲಿ ಕ್ರಿಯಾಪದ ಬೇಕಾಗಿಲ್ಲ. ಇಂಗ್ಲಿಷಿಗೆ "ಈಸ್" ಇಲ್ಲದೆ ನಡೆಯುವುದಿಲ್ಲ. ಅದೇ ರೀತಿ "ನನಗೆ ಹಸಿವಾಗಿದೆ", "ನನಗೆ ಇಬ್ಬರು ಅಕ್ಕಂದಿರು" ಅನ್ನುವ "ನನಗೆ" ಇಂಗ್ಲಿಷಿನಲ್ಲಿ "ಟು ಮಿ" ಆಗಿಬಿಡುತ್ತದೆ. ಅಲ್ಲಿ "ಐ ಆಮ್ ಹಂಗ್ರಿ", "ಐ ಹ್ಯಾವ್ ಟೂ ಸಿಸ್ಟರ್ಸ್" ಅನ್ನಬೇಕು. ಎರಡಕ್ಕೂ ಒಂದೇ ರೀತಿ ಇಲ್ಲ. ಅಂಥ ಹತ್ತು ವಾಕ್ಯ ಗೋಡೆಗೆ ಬರೆದು ಅಂಟಿಸಿ, ದಿನಾ ಬಳಸಿ. ನಿಯಮ ಹುಡುಕುತ್ತ ಕೂರಬೇಡಿ.

"ಆವರ್ ಹೆಡ್‌ಮಾಸ್ಟರ್ ಆರ್ ಕಮಿಂಗ್." ಇದು ತಪ್ಪಲ್ಲ, ಮರ್ಯಾದೆ! "ಮೇಷ್ಟ್ರು ಬಂದರು" ಅಂತ ಬಹುವಚನ ಹಾಕಿ ಬೆಳೆದ ಮಗುವಿಗೆ ಮೇಷ್ಟ್ರ ಎದುರು "ಈಸ್" ಅನ್ನಲು ನಾಲಿಗೆ ಬರುವುದಿಲ್ಲ. ಇಂಗ್ಲಿಷಿನಲ್ಲಿ "ಈಸ್" ಅಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ ಅಂತ ನೇರವಾಗಿ ಹೇಳಿಬಿಡಿ. ಮಕ್ಕಳು ನಗುತ್ತಾರೆ. ನಕ್ಕ ಮೇಲೆ ಮರೆಯುವುದಿಲ್ಲ.

"ವೇರ್ ಯು ಆರ್ ಗೋಯಿಂಗ್?" ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳ ಜಾಗ ಬದಲಿಸಬೇಕಿಲ್ಲ. "ಬರ್ತೀಯ" ಅನ್ನುವುದನ್ನು ಎಳೆದರೆ "ಬರ್ತೀಯಾ?" ಆಯಿತು. ಇಂಗ್ಲಿಷಿನಲ್ಲಿ "ಯು ಆರ್" ತಿರುಗಿ "ಆರ್ ಯು" ಆಗಬೇಕು. ಮೂರು ಮಕ್ಕಳ ಕೈಗೆ ಮೂರು ಪದದ ರಟ್ಟು ಕೊಟ್ಟು ನಿಲ್ಲಿಸಿ, ಪ್ರಶ್ನೆ ಅಂದ ಕೂಡಲೇ ಇಬ್ಬರು ಜಾಗ ಬದಲಿಸಲಿ. ಹತ್ತನೇ ಕ್ಲಾಸಿನವರಿಗೂ ಇದು ಖುಷಿಯೇ.

ಪೂರ್ವಸರ್ಗಗಳಲ್ಲೂ ಇದೇ ಕಥೆ. ನಮಗೆ ಪ್ರತ್ಯಯ ಪದದ ಕೊನೆಗೆ, ಅವರಿಗೆ ಪದಕ್ಕಿಂತ ಮೊದಲು. ನಮ್ಮ ಒಂದು "ಅಲ್ಲಿ"ಗೆ ಅವರಲ್ಲಿ ಇನ್, ಆನ್, ಆ್ಯಟ್ ಮೂರೂ ಬರುತ್ತವೆ.

ಟೆನ್ಸ್ ಕಲಿಸುವುದು ಹೇಗೆ? ಹನ್ನೆರಡು ಟೆನ್ಸಿನ ಚಾರ್ಟ್ ಹಾಕಿದರೂ ತಲೆಗೆ ಹೋಗುತ್ತಿಲ್ಲ.

ಚಾರ್ಟ್ ತೆಗೆದಿಡಿ. ಹೈಸ್ಕೂಲಿನವರೆಗೆ ದಿನಬಳಕೆಗೆ ನಾಲ್ಕೈದು ಸಾಕು.

ನಾನು ಮಳೆಯಿಂದ ಶುರು ಮಾಡುತ್ತೇನೆ. ನಮ್ಮಲ್ಲಿ ತೋಟದವರು ಮಳೆ ಲೆಕ್ಕ ಬರೆದಿಡುತ್ತಾರಲ್ಲ, ಅದೇ. ಬೆಳಿಗ್ಗೆ ಎದ್ದು ಮಾಪಕ ನೋಡಿ "ಎರಡು ಇಂಚು, ಮೂವತ್ತು ಸೆಂಟು" ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಶಾಲೆಯಲ್ಲೂ ಅಂಗಳದಲ್ಲಿ ಒಂದು ಡಬ್ಬಿ ಇಟ್ಟೆವು. ಆರನೇ ಕ್ಲಾಸಿನ ಮಕ್ಕಳು ದಿನಾ ಒಂದು ಸಾಲು ಬರೆಯಬೇಕು: "ಇಟ್ ರೇನ್ಡ್ 2 ಇಂಚಸ್ ಎಸ್ಟರ್‌ಡೇ." ಕಿಟಕಿ ಹೊರಗೆ ನೋಡಿ ಇನ್ನೊಂದು: "ಇಟ್ ಈಸ್ ರೇನಿಂಗ್ ನೌ." ಊರಿನ ಬಗ್ಗೆ ಮತ್ತೊಂದು: "ಇಟ್ ರೇನ್ಸ್ ಎ ಲಾಟ್ ಇನ್ ಭಾಗಮಂಡಲ." ಮೂರು ಸಾಲು, ಮೂರು ಟೆನ್ಸ್, ಮೂರರ ನಡುವಿನ ವ್ಯತ್ಯಾಸ ಕಣ್ಣೆದುರಿಗೇ ಇದೆ. ಜುಲೈ ಮುಗಿಯುವ ಹೊತ್ತಿಗೆ "ಇಟ್ ಡಿಡ್ ನಾಟ್ ರೇನ್" ಅಂತ ಬರೆಯಲು ಒಂದು ದಿನ ಸಿಗಲಿ ಅಂತ ಮಕ್ಕಳೇ ಕಾಯುತ್ತಿದ್ದರು. ಕುಶಾಲನಗರ ಕಡೆಯ ಶಾಲೆಯಾದರೆ ಆ ದಿನ ಬೇಗ ಸಿಗುತ್ತದೆ!

ಒಂದು ವಿಷಯದಲ್ಲಿ ಮಾತ್ರ ಗಡಿಬಿಡಿ ಬೇಡ. "ಶಿ ಗೋಸ್", "ಇಟ್ ರೇನ್ಸ್" ಅನ್ನುವ ಕೊನೆಯ "ಎಸ್" ಮಕ್ಕಳ ಬಾಯಿಗೆ ತಡವಾಗಿ ಬರುತ್ತದೆ. "ಇಂಗ್" ಮತ್ತು ಬಹುವಚನದ "ಎಸ್" ಬೇಗ ಬರುತ್ತವೆ. ಇದನ್ನು 1970ರ ದಶಕದಿಂದಲೇ ಸಂಶೋಧಕರು ಬೇರೆ ಬೇರೆ ಭಾಷೆಯ ಮಕ್ಕಳಲ್ಲಿ ಗಮನಿಸಿದ್ದಾರೆ. ಆರನೇ ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಎಂಟರಲ್ಲಿ ಬಾಯಿಗೆ ಬಂದರೆ ಗಾಬರಿಯಾಗಬೇಡಿ.

ಎ, ಆನ್, ದ ಎಲ್ಲಿ ಹಾಕಬೇಕು ಅಂತ ನನಗೇ ಗೊತ್ತಾಗಲ್ಲ.

"ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು." ನಮ್ಮ ಅಜ್ಜಿಯರು ಕಥೆ ಶುರು ಮಾಡುವುದೇ ಹೀಗೆ. "ಒಬ್ಬ" ಅನ್ನುವ ಜಾಗದಲ್ಲಿ "ಎ", "ಆ" ಅನ್ನುವ ಜಾಗದಲ್ಲಿ "ದ". ಎಲ್ಲ ಕಡೆ ಈ ಲೆಕ್ಕ ನಡೆಯುವುದಿಲ್ಲ, ಆದರೆ ಮುಕ್ಕಾಲು ದಾರಿ ಸಾಗುತ್ತದೆ.

"ಎ" ಬೇಕೋ "ಆನ್" ಬೇಕೋ ಅನ್ನುವುದಕ್ಕೆ ಕನ್ನಡ ಬಲ್ಲವರಿಗೆ ಒಂದು ಸುಲಭದ ದಾರಿ ಇದೆ. ಆ ಪದವನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ಆನ್, ವ್ಯಂಜನವಾದರೆ ಎ. ಗಂಟೆ ಅನ್ನುವ ಅರ್ಥದ "ಅವರ್" ಅ-ದಿಂದ ಶುರು, ಆದ್ದರಿಂದ ಆನ್ ಅವರ್. "ಯೂನಿವರ್ಸಿಟಿ" ಯ-ದಿಂದ ಶುರು, ಎ ಯೂನಿವರ್ಸಿಟಿ. "ಎಂಎಲ್‌ಎ" ಬಂದರೆ ಆನ್. ಇಂಗ್ಲಿಷ್ ಕಾಗುಣಿತ ನೋಡಿ ಮೋಸ ಹೋಗುವ ಪದಗಳೆಲ್ಲ ಇಲ್ಲಿ ಸಿಕ್ಕಿಬೀಳುತ್ತವೆ. ಒಂದೇ ಎಚ್ಚರ: ಮೊಟ್ಟೆಗೆ "ಯೆಗ್" ಅಂತ ಬರೆಯಬೇಡಿ, "ಎಗ್" ಅಂತಲೇ ಬರೆಯಿರಿ.

ಪ್ಯಾಸಿವ್ ವಾಯ್ಸ್ ಯಾಕಾದರೂ ಬೇಕು?

"ರಾಮ ಕಿಲ್ಡ್ ರಾವಣ" ಅನ್ನುವುದನ್ನು ತಿರುಗಿಸಿ ತಿರುಗಿಸಿ ಬರೆಸಿದರೆ ನಿಜಕ್ಕೂ ಯಾಕೂ ಬೇಡ. ಪುಸ್ತಕಗಳಲ್ಲಿ ಇದಕ್ಕೆ "ಕೊಲ್ಲಲ್ಪಟ್ಟನು" ಅಂತ ಅರ್ಥ ಕೊಡುತ್ತಾರೆ. ಹಾಗೆ ಮಾತಾಡುವವರನ್ನು ನೀವು ಯಾವತ್ತಾದರೂ ನೋಡಿದ್ದೀರಾ?

ಕಾಫಿಯ ಕಥೆ ಕೇಳಿ. "ಹಣ್ಣು ಕೊಯ್ತಾರೆ, ಪಲ್ಪರ್‌ಗೆ ಹಾಕ್ತಾರೆ, ತೊಳೀತಾರೆ, ಕಣದಲ್ಲಿ ಒಣಗಿಸ್ತಾರೆ." ಯಾರು? ಯಾರಾದರೇನು, ಮುಖ್ಯವಾದದ್ದು ಕಾಫಿ. ಮಾಡುವವರು ಯಾರು ಅನ್ನುವುದು ಬೇಡವಾದಾಗ ನಾವು ಸುಮ್ನೆ "ತಾರೆ" ಅನ್ನುತ್ತೇವೆ. ಇಂಗ್ಲಿಷಿನವರು ಅಲ್ಲಿ ಪ್ಯಾಸಿವ್ ಬಳಸುತ್ತಾರೆ: "ದ ಬೆರ್ರೀಸ್ ಆರ್ ಪಿಕ್ಡ್. ದೇ ಆರ್ ಪಲ್ಪ್ಡ್, ವಾಷ್ಡ್ ಆ್ಯಂಡ್ ಡ್ರೈಡ್." ಒಂಬತ್ತನೇ ಕ್ಲಾಸಿಗೆ ಇದನ್ನು ಜನವರಿಯಲ್ಲಿ ಮಾಡಿಸಿ. ಆಗ ಶಾಲೆಯ ದಾರಿಯ ಎರಡೂ ಬದಿಯಲ್ಲಿ ಕಾಫಿ ಹರವಿರುತ್ತದೆ. ಅರೇಬಿಕಾ ಪಾರ್ಚ್‌ಮೆಂಟಿಗೂ (ಪಲ್ಪ್ ಮಾಡಿ ತೊಳೆದು ಒಣಗಿಸಿದ್ದು) ರೋಬಸ್ಟಾ ಚೆರ್ರಿಗೂ (ಹಣ್ಣನ್ನೇ ಹಾಗೇ ಒಣಗಿಸಿದ್ದು) ಕ್ರಮ ಬೇರೆ ಅಂತ ಲೈನ್‌ಮನೆಯ ಮಕ್ಕಳು ನಿಮಗೇ ಪಾಠ ಮಾಡುತ್ತಾರೆ.

ತೋಟದಲ್ಲೇ ಎಷ್ಟೊಂದು ಇಂಗ್ಲಿಷ್ ಪದಗಳಿವೆ, ಅವನ್ನು ಬಳಸಬಹುದಾ?

ಖಂಡಿತ. ಎಸ್ಟೇಟ್, ಲೈನ್, ಬ್ಲಾಸಮ್, ಶೇಡ್, ಸ್ಪ್ರಿಂಕ್ಲರ್, ಗೇಟ್. ಹಿಂದುಳಿದಿದ್ದಾರೆ ಅಂತ ನಾವು ಪಟ್ಟಿ ಮಾಡಿದ ಮಕ್ಕಳಿಗೂ ಇವು ಬಾಯಲ್ಲೇ ಇವೆ. ಮೊದಲ ವಾರ ಇಂಥ ನೂರು ಪದ ಅವರಿಂದಲೇ ಬರೆಸಿ.

ಅರ್ಥ ಮಾತ್ರ ಒಮ್ಮೆ ನೋಡಿಕೊಳ್ಳಿ. ದೊಡ್ಡವನಾದ ಮೇಲೆ ಏನಾಗುತ್ತೀಯ ಅಂದರೆ ಒಬ್ಬ ಹುಡುಗ "ಐ ವಾಂಟ್ ಟು ಬಿ ಎ ರೈಟರ್" ಅಂದ. ನನಗೆ ಎಲ್ಲಿಲ್ಲದ ಸಂತೋಷ. ಏನು ಬರೀತೀಯ ಅಂತ ಕೇಳಿದೆ. "ಹಾಜರಿ ಸಾರ್" ಅಂದ. ತೋಟದಲ್ಲಿ ಆಳುಗಳ ಲೆಕ್ಕ ಬರೆಯುವವರನ್ನು ರೈಟರ್ ಅಂತಾರೆ, ನಾನು ಮರೆತೇಬಿಟ್ಟಿದ್ದೆ.

ಎಲ್ಲ ತಪ್ಪನ್ನೂ ತಿದ್ದಬೇಕಾ?

ಬೇಡ. ಮಾತಾಡುವಾಗ ನಡುವೆ ಬಾಯಿ ಹಾಕಲೇಬೇಡಿ. ಮಗು "ಐ ಗೋಡ್ ಟು ಸಂತೆ" ಅಂದರೆ "ಓ, ಯು ವೆಂಟ್ ಟು ಸಂತೆ! ವಾಟ್ ಡಿಡ್ ಯು ಬೈ?" ಅಂತ ಮುಂದುವರಿಸಿ. "ಗೋಡ್" ಅಂದದ್ದು ಒಳ್ಳೆಯ ಲಕ್ಷಣವೇ, ನಿಯಮ ಹಿಡಿದುಕೊಂಡಿದೆ ಅಂತ ಅರ್ಥ.

ಬರವಣಿಗೆಯಲ್ಲಿ ವಾರಕ್ಕೆ ಒಂದೇ ವಿಷಯ ತಿದ್ದುತ್ತೇನೆ. ಒಮ್ಮೆ ತಪಾಸಣೆಗೆ ಬಂದವರೊಬ್ಬರು ನನ್ನ ಮಕ್ಕಳ ನೋಟ್ಸು ತಿರುವಿ, "ಇಷ್ಟು ತಪ್ಪು ಬಿಟ್ಟಿದ್ದೀರಲ್ಲ, ಸಂಬಳ ಯಾಕೆ ತಗೊಳ್ತೀರಿ?" ಅಂತ ಮಕ್ಕಳ ಎದುರೇ ಕೇಳಿದರು. ಆ ವಾರ ಭೂತಕಾಲ ಮಾತ್ರ ತಿದ್ದುತ್ತಿದ್ದೇನೆ ಅಂತ ವಿವರಿಸಿದೆ. ಅವರಿಗೆ ಸಮಾಧಾನ ಆಗಲಿಲ್ಲ. ನಿಮಗೂ ಹೀಗಾಗಬಹುದು, ಆದ್ದರಿಂದ ಪುಟದ ಮೇಲೆ "ಈ ವಾರ: ಪಾಸ್ಟ್ ಟೆನ್ಸ್" ಅಂತ ಬರೆಸಿಟ್ಟಿರಿ. ನಾನು ಅವತ್ತಿನಿಂದ ಬರೆಸುತ್ತೇನೆ.

ಎಂಟನೇ ಕ್ಲಾಸಿಗೆ ಬಂದರೂ ಓದಲು ಬರಲ್ಲ. ಎಲ್ಲಿಂದ ಶುರು ಮಾಡೋದು?

ಶಬ್ದದಿಂದ. ಕನ್ನಡದಲ್ಲಿ ಬರೆದ ಹಾಗೆ ಓದಿದರೆ ಆಯಿತು. ಇಂಗ್ಲಿಷಿನಲ್ಲಿ 26 ಅಕ್ಷರ, ಸುಮಾರು 44 ಧ್ವನಿ. ಬಟ್, ಪುಟ್ ಎರಡರಲ್ಲೂ ನಡುವೆ ಒಂದೇ ಅಕ್ಷರ, ಓದುವುದು ಬೇರೆ ಬೇರೆ. ಈ ಅನ್ಯಾಯವನ್ನು ಮಕ್ಕಳ ಎದುರು ಒಪ್ಪಿಕೊಂಡುಬಿಡಿ, ತಪ್ಪು ತಮ್ಮದಲ್ಲ ಅಂತ ಅವರಿಗೂ ಗೊತ್ತಾಗಲಿ.

ಅಕ್ಷರದ ಹೆಸರಿಗಿಂತ ಅದರ ಸದ್ದು ಮೊದಲು. ಕ್ಯಾಟ್, ಮ್ಯಾಟ್, ರ‍್ಯಾಟ್ ಅಂತ ಗುಂಪು ಮಾಡಿ. ದಿನಕ್ಕೆ ಹತ್ತೇ ನಿಮಿಷ, ಆದರೆ ದಿನಾ. ಎಂಟನೆಯವರಿಗೆ ಒಂದನೇ ಕ್ಲಾಸಿನ ಪುಸ್ತಕ ಕೊಟ್ಟರೆ ನಾಚಿಕೆಯಾಗುತ್ತದೆ. ಹಾಕಿ ಟೀಮಿನ ಪಟ್ಟಿ, ಬಿಸ್ಕೆಟ್ ಪೊಟ್ಟಣ, ಅಂಗಡಿ ಬೋರ್ಡು ಕೊಡಿ.

ಮಾತಾಡಿಸುವುದು ಹೇಗೆ?

ಮಾತಾಡದೆ ಮುಗಿಯದ ಕೆಲಸ ಕೊಡಿ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇದನ್ನೇ ಮಾಡಿ ನೋಡಿದರು. ಬೆಂಗಳೂರು ಪ್ರಾಜೆಕ್ಟ್ ಅಂತಲೇ ಅದಕ್ಕೆ ಹೆಸರು. ಗ್ರಾಮರ್ ಪಟ್ಟಿ ಹಿಡಿದು ಪಾಠ ಮಾಡುವ ಬದಲು ನಕ್ಷೆ, ವೇಳಾಪಟ್ಟಿ ಕೊಟ್ಟು ಲೆಕ್ಕ ಬಿಡಿಸಲು ಹೇಳುವುದು. ಗಮನ ಅರ್ಥದ ಮೇಲೆ ಇದ್ದಾಗ ವ್ಯಾಕರಣ ತಾನಾಗಿ ಕೂರುತ್ತದೆ ಅನ್ನುವುದು ಅವರ ವಾದ. ಪೂರ್ತಿ ತಾನಾಗಿ ಕೂರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಸ್ವಲ್ಪ ಕೈ ಹಿಡಿಯಬೇಕು. ಕೆಲಸಗಳು ಮಾತ್ರ ಚಿನ್ನದಂಥವು.

ಅವರ ರೈಲ್ವೆ ವೇಳಾಪಟ್ಟಿ ನಮಗೆ ಉಪಯೋಗವಿಲ್ಲ. ಕೊಡಗಿಗೆ ರೈಲೇ ಇಲ್ಲವಲ್ಲ! ಬಸ್ ಸ್ಟ್ಯಾಂಡಿನ ಬೋರ್ಡು ನೋಡಿ ಬರೆದುಕೊಂಡು ಬನ್ನಿ. ಒಬ್ಬನ ಕೈಗೆ ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಬಸ್ಸುಗಳ ಸಮಯ, ಇನ್ನೊಬ್ಬಳ ಕೈಗೆ ವಿರಾಜಪೇಟೆಯಿಂದ ಕುಟ್ಟಕ್ಕೆ ಹೋಗುವವು. ಒಬ್ಬರದು ಇನ್ನೊಬ್ಬರಿಗೆ ತೋರಿಸಬಾರದು. ಕುಟ್ಟದ ಅತ್ತೆ ಮನೆಗೆ ಮಧ್ಯಾಹ್ನ ಊಟದೊಳಗೆ ಮುಟ್ಟಬೇಕು, ಎಷ್ಟು ಗಂಟೆಗೆ ಹೊರಡಬೇಕು? ಕೇಳದೆ ಗತಿಯಿಲ್ಲ.

ಕೇಳುವ ಅಭ್ಯಾಸ ಯಾವಾಗ ಮಾಡಿಸಲಿ?

ಜೂನ್, ಜುಲೈನಲ್ಲಿ ಬೇಡ. ಶೀಟಿನ ಮಾಡಿನ ಮೇಲೆ ಮಳೆ ಬಡಿಯುವಾಗ ನಿಮ್ಮ ಧ್ವನಿ ಎರಡನೇ ಬೆಂಚಿಗೂ ಮುಟ್ಟುವುದಿಲ್ಲ. ಮಳೆಗಾಲಕ್ಕೆ ಓದು, ಬರಹ ಇಟ್ಟುಕೊಳ್ಳಿ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಆಕಾಶ ತಿಳಿಯಾದ ಮೇಲೆ ಒಂದು ಚಿಕ್ಕ ಪ್ಯಾರಾವನ್ನು ಮಾಮೂಲಿ ವೇಗದಲ್ಲಿ ಎರಡು ಸಲ ಓದಿ. ಮಕ್ಕಳು ಸಿಕ್ಕಿದ ಪದ ಗುರುತು ಹಾಕಿಕೊಂಡು, ಗುಂಪಿನಲ್ಲಿ ಕೂತು ಪ್ಯಾರಾವನ್ನು ಮತ್ತೆ ಕಟ್ಟಲಿ. ಕೊನೆಗೆ ಮೂಲದ ಜೊತೆ ಹೋಲಿಸಲಿ. ಗ್ರಾಮರ್ ಚರ್ಚೆ ಅವರಲ್ಲೇ ಹುಟ್ಟುತ್ತದೆ.

ಎಸ್‌ಎಸ್‌ಎಲ್‌ಸಿ ಇದೆ. ಇದಕ್ಕೆಲ್ಲ ಟೈಮ್ ಎಲ್ಲಿದೆ?

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ದ್ವಿತೀಯ ಭಾಷೆ, ನೂರು ಅಂಕದಲ್ಲಿ 80 ಲಿಖಿತ, 20 ಆಂತರಿಕ. ಪತ್ರ, ಪ್ರೊಫೈಲ್, ಚಿತ್ರ ನೋಡಿ ಬರೆಯುವುದು ಇವೆಲ್ಲ ಬರವಣಿಗೆಯೇ. ಮಳೆ ಡೈರಿ ಬರೆದ ಮಗುವಿಗೆ ಚಿತ್ರದ ಕೆಳಗೆ ಆರು ಸಾಲು ಬರೆಯುವುದು ಕಷ್ಟವಲ್ಲ. ಪಾಸಾಗುವುದೇ ಅನುಮಾನ ಇರುವವರಿಗೆ ಜನವರಿಯಿಂದ ಪದ್ಯ ಬಾಯಿಪಾಠ, ಪತ್ರದ ಚೌಕಟ್ಟು ಮಾಡಿಸಿ. ಅದರಲ್ಲಿ ನಾಚಿಕೆ ಪಡುವುದೇನೂ ಇಲ್ಲ.

ಇಂಗ್ಲಿಷ್ ಮೀಡಿಯಂಗೆ ಸೇರಿಸಿದರೆ ಎಲ್ಲ ಸರಿಹೋಗುತ್ತಾ?

ಪೋಷಕರು ಜಾಸ್ತಿ ಕೇಳುವುದು ಇದನ್ನೇ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಮೀಡಿಯಂ ಯಾವುದಾದರೂ ಆಗಲಿ, ಕ್ಲಾಸಿಗೆ ಹೋಗಿ ಒಂದು ವಿಷಯ ನೋಡಿ: ಅಲ್ಲಿ ಮಗು ಬಾಯಿ ಬಿಡುತ್ತದೋ, ಬೋರ್ಡು ನೋಡಿ ಬರೆಯುತ್ತದೋ? ವಿಜ್ಞಾನವನ್ನೂ ಅರ್ಥವಾಗದೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದರೆ ಎರಡೂ ಹೋಯಿತು.

ನಮಗೆ ಇಂಗ್ಲಿಷ್ ಬರಲ್ಲ. ಮನೆಯಲ್ಲಿ ಏನು ಮಾಡಬಹುದು?

ಸಂಜೆ ಹತ್ತು ನಿಮಿಷ ಮಗುವಿಗೆ ಗಟ್ಟಿಯಾಗಿ ಓದಲು ಹೇಳಿ, ಕೂತು ಕೇಳಿ. ಆಮೇಲೆ ನಿಮ್ಮ ಮನೆ ಮಾತಿನಲ್ಲೇ "ಏನು ಕಥೆ ಅದು?" ಅಂತ ಕೇಳಿ. ಹೇಳಿದರೆ ಅರ್ಥವಾಗಿದೆ. ಪಕ್ಕದ ಮನೆ ಮಗು ಪಟಪಟ ಮಾತಾಡುತ್ತದೆ ಅಂತ ಹೋಲಿಸುವುದೊಂದು ಬಿಡಿ.

ಕೊಯ್ಲು ಶುರುವಾದರೆ ಮಕ್ಕಳು ಬರಲ್ಲ. ಬಿಟ್ಟುಹೋದ ಪಾಠದ ಗತಿ?

ಮಳೆ ರಜೆಯನ್ನು ಶನಿವಾರ ಪೂರ್ತಿ ದಿನ ಮಾಡಿ ತುಂಬಿಸುತ್ತೇವೆ, ಇದನ್ನು ಹಾಗೆ ತುಂಬಿಸಲಾಗದು. ನವೆಂಬರಿನ ನಂತರ ಒಂದು ಪಾಠ ಇನ್ನೊಂದರ ಮೇಲೆ ನಿಲ್ಲದ ಹಾಗೆ ಯೋಜನೆ ಹಾಕುತ್ತೇನೆ. ಎಂದು ಬಂದರೂ ಅಂದಿನದು ಅಂದೇ ಮುಗಿಯಬೇಕು. ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ.

ನಮ್ಮ ಇಂಗ್ಲಿಷೇ ಅಷ್ಟಕ್ಕಷ್ಟೇ. ನಾವು ಹೇಗೆ ಕಲಿಸೋದು?

ತರಬೇತಿ ಸಿಕ್ಕಿದರೆ ಹೋಗಿ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಶಿಕ್ಷಕರಿಗಾಗಿಯೇ ಕೆಲಸ ಮಾಡುತ್ತಿದೆ. ನಮ್ಮ ಜಿಲ್ಲೆಯವರಿಗೆ ಕೂಡಿಗೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ. ಅದಕ್ಕಿಂತ ಮುಖ್ಯವಾಗಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಹೆದರಬೇಡಿ.

ನಾನು ಪ್ರೈಮರಿಯಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ "ಮರಕೆಸಕ್ಕೆ ಇಂಗ್ಲಿಷಲ್ಲಿ ಏನ್ ಸಾರ್?" ಅಂದ. ನನಗೆ ಗೊತ್ತಿರಲಿಲ್ಲ. ಹಾಗಂತಲೇ ಹೇಳಿದೆ. "ಮರಕೆಸ ನೋಡೇ ಇಲ್ಲದವರಿಗೆ ಹೇಗೆ ಹೇಳ್ತೀರಿ, ನೀವೇ ಹೇಳಿ" ಅಂದೆ. ಒಬ್ಬಳು "ಇಟ್ ಈಸ್ ಎ ಲೀಫ್" ಅಂದಳು. ಇನ್ನೊಬ್ಬ "ವಿ ಮೇಕ್ ಪತ್ರೊಡೆ" ಅಂದ. ಕೇಳಿದವನೇ ಎದ್ದು ನಿಂತು, ತುಂಬ ಹೊತ್ತು ಯೋಚಿಸಿ, "ಇಟ್ ಗ್ರೋ ಆನ್ ಟ್ರೀ, ಇನ್ ರೇನ್" ಅಂದ. ನಾನು ಸುಮ್ಮನಿದ್ದೆ. ಹಿಂದಿನ ಬೆಂಚಿನಿಂದ ಒಂದು ಸಣ್ಣ ಧ್ವನಿ ಬಂತು: "ಗ್ರೋ ಅಲ್ಲ ಮಾರಾಯ, ಗ್ರೋಸ್."